ತೆರೆಗೆ ಬಾರದ ಹೆಂಡತಿ

‘ನೌ, ವಾಯೇಜರ್’ ಎಂಬ ಸಿನಿಮಾವನ್ನು ನಾನು ಮೂರು ಸಲ ನೋಡಿದ್ದೇನೆ, ಒಂದು ಸಲ ಕತೆಯಾಗಿ ಹೇಳಿದ್ದೇನೆ. ನೋಡಿದ್ದಕ್ಕಿಂತ ಹೇಳಿದ್ದೇ ಹೆಚ್ಚು ನೆನಪಿದೆ.

ಮೊದಲ ಸಲ ನೋಡಿದ್ದು ಮೈಸೂರಿನಲ್ಲಿ ಎಂ.ಎ. ಓದುವಾಗ. ಹಾಸ್ಟೆಲ್ಲಿನ ನಮ್ಮ ಸಾಲಿಗೆಲ್ಲ ಇದ್ದದ್ದು ಒಂದೇ ಕಂಪ್ಯೂಟರು. ಅದರ ಒಡತಿಗೆ ಕಪ್ಪುಬಿಳುಪು ಇಂಗ್ಲಿಷ್ ಸಿನಿಮಾಗಳ ಹುಚ್ಚು. ರಾತ್ರಿ ಊಟ ಮುಗಿಸಿ ಐದಾರು ಜನ ಅವಳ ಮಂಚದ ಮೇಲೆ ಒತ್ತಿಕೊಂಡು ಕೂತೆವು. ಮೊದಲ ಅರ್ಧ ಗಂಟೆ ಒಬ್ಬರನ್ನೊಬ್ಬರು ಗೇಲಿ ಮಾಡುತ್ತಾ ನೋಡಿದವರು, ಕೊನೆಯ ಅರ್ಧ ಗಂಟೆ ಯಾರೂ ಮಾತಾಡಲಿಲ್ಲ. ಮುಗಿದಾಗ ದೀಪ ಹಾಕಬೇಡ ಎಂದು ಯಾರೋ ಅಂದರು. ಎಲ್ಲರೂ ಅತ್ತಿದ್ದೆವು. ನಾನು ಮಾತ್ರ ಅತ್ತದ್ದು ಶಾರ್ಲೆಟ್‌ಗಾಗಿ ಅಲ್ಲ, ನಮ್ಮ ದೊಡ್ಡಪ್ಪನಿಗಾಗಿ. ಅದನ್ನು ಆಗ ಯಾರಿಗೂ ಹೇಳಲಿಲ್ಲ.

ನೋಡದವರಿಗಾಗಿ ಕತೆ ಹೇಳಬೇಕು. ಇದು 1942ರಲ್ಲಿ ವಾರ್ನರ್ ಬ್ರದರ್ಸ್ ತೆಗೆದ ಸಿನಿಮಾ, ನಿರ್ದೇಶಕ ಇರ್ವಿಂಗ್ ರ್‍ಯಾಪರ್. ಆಲಿವ್ ಹಿಗ್ಗಿನ್ಸ್ ಪ್ರೌಟಿ ಅದರ ಹಿಂದಿನ ವರ್ಷ ಪ್ರಕಟಿಸಿದ್ದ ಕಾದಂಬರಿ ಅದಕ್ಕೆ ಆಧಾರ. ಬೋಸ್ಟನ್ನಿನ ಹಳೆಯ ಶ್ರೀಮಂತ ಮನೆತನ, ಅಲ್ಲಿ ಮುಪ್ಪಿನ ಕಾಲಕ್ಕೆ ಹುಟ್ಟಿದ, ಯಾರಿಗೂ ಬೇಡವಾಗಿದ್ದ ಮಗಳು ಶಾರ್ಲೆಟ್ ವೇಲ್. ತಾಯಿ ಹೇಳಿದ ಬೂಟು, ತಾಯಿ ಹೇಳಿದ ಕನ್ನಡಕ, ತಾಯಿ ಒಪ್ಪಿದ ಪುಸ್ತಕ. ಆ ಪುಸ್ತಕಗಳ ಹಿಂದೆ ಕದ್ದಿಟ್ಟ ಸಿಗರೇಟು. ಬೆಟ್ಟಿ ಡೇವಿಸ್‌ಳನ್ನು ಮೊದಲು ತೋರಿಸುವಾಗ ಕ್ಯಾಮೆರಾ ಮುಖಕ್ಕೆ ಹೋಗುವುದಿಲ್ಲ. ದಂತದ ಡಬ್ಬಿ ಕೆತ್ತುವ ಕೈ ಕಾಣುತ್ತದೆ, ಆಮೇಲೆ ಮೆಟ್ಟಿಲಿಳಿಯುವ ದಪ್ಪ ಬೂಟಿನ ಕಾಲು. ಮನಸ್ಸು ಕುಸಿದು ಬಿದ್ದ ಅವಳನ್ನು ಡಾಕ್ಟರ್ ಜಾಕ್ವಿತ್ ತನ್ನ ಆರೋಗ್ಯಧಾಮಕ್ಕೆ ಕರೆದೊಯ್ಯುತ್ತಾನೆ. ಗುಣವಾದ ಮೇಲೆ ಮನೆಗೆ ಹೋಗುವ ಮುಂಚೆ ಹಡಗಿನ ಪ್ರವಾಸಕ್ಕೆ ಕಳಿಸುತ್ತಾರೆ. ಅಲ್ಲೂ ಮೊದಲು ಕಾಣುವುದು ಕಾಲೇ. ಈ ಸಲ ಚೆಂದದ ಬೂಟು, ಅಲ್ಲಿಂದ ಕ್ಯಾಮೆರಾ ಮೇಲೇರಿ ಅಗಲ ಅಂಚಿನ ಹ್ಯಾಟಿನ ನೆರಳಲ್ಲಿರುವ ಮುಖ. ಹಾಸ್ಟೆಲ್ಲಿನಲ್ಲಿ ಈ ಕ್ಷಣಕ್ಕೆ ಶಿಳ್ಳೆ ಬಿದ್ದಿತ್ತು.

ಬಟ್ಟೆಗಳು ಅವಳವಲ್ಲ, ಎರವಲು ತಂದವು. ಯಾವುದಕ್ಕೆ ಯಾವುದು ಹಾಕಿಕೊಳ್ಳಬೇಕೆಂದು ಒಂದೊಂದಕ್ಕೂ ಚೀಟಿ ಸಿಕ್ಕಿಸಿದೆ. ಊಟದ ಮೇಜಿನಲ್ಲಿ ಅಂಥದೊಂದು ಚೀಟಿ ಅವಳ ಮೇಲುಡುಗೆಯಲ್ಲೇ ಉಳಿದುಬಿಟ್ಟಿದ್ದನ್ನು ನೋಡಿದವನು ಜೆರ್ರಿ ಡ್ಯುರಾನ್ಸ್. ಮದುವೆಯಾದವನು, ಹೆಣ್ಣುಮಕ್ಕಳಿರುವವನು. ಹೆಂಡತಿಯ ಹೆಸರು ಇಸಬೆಲ್. ರಿಯೋದಲ್ಲಿ ಕಾರು ಅಪಘಾತಕ್ಕೀಡಾಗಿ, ಇಬ್ಬರೂ ಬೆಟ್ಟದ ಮೇಲಿನ ಗುಡಿಸಲಿನಲ್ಲಿ ರಾತ್ರಿ ಕಳೆಯಬೇಕಾಗುತ್ತದೆ, ಹಡಗು ತಪ್ಪುತ್ತದೆ, ಅಲ್ಲೇ ಕೆಲವು ದಿನ ಉಳಿಯುತ್ತಾರೆ. ಆಮೇಲೆ ಅಗಲುತ್ತಾರೆ. ಬೋಸ್ಟನ್ನಿಗೆ ಬಂದ ಶಾರ್ಲೆಟ್ ತಾಯಿಗೆ ಎದುರು ನಿಲ್ಲುತ್ತಾಳೆ, ಒಳ್ಳೆಯ ವಿಧುರನೊಬ್ಬನೊಂದಿಗೆ ನಿಶ್ಚಯವಾದ ಮದುವೆಯನ್ನು ತಾನೇ ಮುರಿಯುತ್ತಾಳೆ. ಆ ಜಗಳದಲ್ಲಿ ತಾಯಿ ಎದೆಯೊಡೆದು ಸಾಯುತ್ತಾಳೆ. ಪಾಪಪ್ರಜ್ಞೆಯಲ್ಲಿ ಮತ್ತೆ ಆರೋಗ್ಯಧಾಮಕ್ಕೆ ಹೋದವಳಿಗೆ ಅಲ್ಲಿ ಸಿಗುವುದು ಜೆರ್ರಿಯ ಕಿರಿಮಗಳು ಟೀನಾ. ಅವಳೂ ಹೆತ್ತ ತಾಯಿಗೆ ಬೇಡವಾದ ಹುಡುಗಿ. ಶಾರ್ಲೆಟ್ ಅವಳನ್ನು ಮಗಳ ಹಾಗೆ ನೋಡಿಕೊಳ್ಳುತ್ತಾಳೆ, ತನ್ನ ಮನೆಗೇ ಕರೆತರುತ್ತಾಳೆ. ಕೊನೆಗೆ ಜೆರ್ರಿ ಬಂದಾಗ, ನಾವಿಬ್ಬರೂ ಗಂಡಹೆಂಡಿರಾಗುವುದಿಲ್ಲ, ಈ ಮಗು ನಮ್ಮಿಬ್ಬರದೂ ಆಗಿರಲಿ ಎಂಬಂತೆ ಒಪ್ಪಂದವಾಗುತ್ತದೆ. ಚಂದ್ರ, ನಕ್ಷತ್ರಗಳನ್ನು ಕುರಿತು ಅವಳು ಆಡುವ ಕೊನೆಯ ಮಾತು ಅಮೆರಿಕನ್ ಫಿಲ್ಮ್ ಇನ್ಸ್‌ಟಿಟ್ಯೂಟಿನ ನೂರು ಪ್ರಸಿದ್ಧ ಮಾತುಗಳ ಪಟ್ಟಿಯಲ್ಲಿ 46ನೆಯದು. ಪಟ್ಟಿಯ ವಿಷಯ ಬಿಡಿ, ಆ ಮಾತನ್ನು ಬೆಟ್ಟಿ ಡೇವಿಸ್ ಹೇಳುವ ರೀತಿಗೆ ಕಲ್ಲೂ ಕರಗಬೇಕು.

ಮತ್ತು ಸಿಗರೇಟು. ಜೆರ್ರಿ ಎರಡು ಸಿಗರೇಟುಗಳನ್ನು ಒಟ್ಟಿಗೆ ತನ್ನ ತುಟಿಗಿಟ್ಟು ಹಚ್ಚಿ ಒಂದನ್ನು ಅವಳಿಗೆ ಕೊಡುತ್ತಾನೆ. ಇದು ಮತ್ತೆ ಮತ್ತೆ ಬರುತ್ತದೆ, ಕೊನೆಯ ದೃಶ್ಯದಲ್ಲೂ. 1934ರಿಂದ ಹಾಲಿವುಡ್ಡಿನಲ್ಲಿ ಪ್ರೊಡಕ್ಷನ್ ಕೋಡ್ ಎಂಬ ಕಟ್ಟುಪಾಡು ಬಿಗಿಯಾಗಿ ಜಾರಿಯಲ್ಲಿತ್ತು. ಮದುವೆಯಾಚೆಗಿನ ಸಂಬಂಧವನ್ನು ಸರಿ ಎಂದು ಸಾಧಿಸುವ ಹಾಗಿಲ್ಲ, ಆಕರ್ಷಕವಾಗಿ ತೋರಿಸುವ ಹಾಗೂ ಇಲ್ಲ. ಹಾಗಾಗಿ ಗುಡಿಸಲಿನ ರಾತ್ರಿಯಲ್ಲಿ ನಮಗೆ ಕಾಣುವುದು ಉರಿಯುವ ಬೆಂಕಿ, ಆಮೇಲೆ ಬೇರೆ ದೃಶ್ಯ. ಮಿಕ್ಕಿದ್ದೆಲ್ಲ ಸಿಗರೇಟಿನ ಹೊಗೆಗೆ ಬಿಟ್ಟದ್ದು. ಈ ಎರಡು ಸಿಗರೇಟಿನ ಉಪಾಯ ಹೊಸದೇನಲ್ಲ. 1932ರ ‘ದಿ ರಿಚ್ ಆರ್ ಆಲ್ವೇಸ್ ವಿತ್ ಅಸ್’ನಲ್ಲಿ ಜಾರ್ಜ್ ಬ್ರೆಂಟ್ ರೂತ್ ಚಾಟರ್ಟನ್‌ಗೆ ಹೀಗೇ ಹಚ್ಚಿಕೊಟ್ಟಿದ್ದ, ಆ ಸಿನಿಮಾದಲ್ಲಿ ಬೆಟ್ಟಿ ಡೇವಿಸ್‌ಳೂ ಇದ್ದಳು. ಆದರೆ ಜನರ ನೆನಪಿನಲ್ಲಿ ಉಳಿದದ್ದು ಪಾಲ್ ಹೆನ್ರೀಡ್‌ನ ಕೈ. ಅದೇ ವರ್ಷದ ‘ಕಾಸಾಬ್ಲಾಂಕಾ’ದಲ್ಲಿ ಇದೇ ಹೆನ್ರೀಡ್ ಗಂಡನ ಪಾತ್ರದಲ್ಲಿದ್ದಾನೆ. ಅಲ್ಲಿ ನಮ್ಮ ಮನಸ್ಸು ಪ್ರಿಯಕರನ ಕಡೆಗಿರುತ್ತದೆ, ಇಲ್ಲೂ ಪ್ರಿಯಕರನ ಕಡೆಗೇ. ಕ್ಯಾಮೆರಾ ಎಲ್ಲಿ ನಿಂತಿದೆಯೋ ನಾವೂ ಅಲ್ಲೇ.

ಈಗ ದೊಡ್ಡಪ್ಪನ ವಿಷಯ. ನಮ್ಮ ಹಳ್ಳಿಯಲ್ಲಿ ಹೈಸ್ಕೂಲು ಇರಲಿಲ್ಲವೆಂದು ನನ್ನನ್ನು ಅರಸೀಕೆರೆಯಲ್ಲಿ ದೊಡ್ಡಪ್ಪನ ಮನೆಯಲ್ಲಿ ಬಿಟ್ಟಿದ್ದರು. ಅವರ ಒಬ್ಬನೇ ಮಗ ಆಗಲೇ ಬೆಂಗಳೂರಿನ ಹಾಸ್ಟೆಲ್ಲಿನಲ್ಲಿದ್ದ. ನಾಲ್ಕು ವರ್ಷ ನಾನು ಆ ಮನೆಯ ಅನ್ನ ತಿಂದೆ. ದೊಡ್ಡಪ್ಪ ಓದುವ ಮನುಷ್ಯ. ಕಾರಂತರಿಂದ ಹಿಡಿದು ಕೈಗೆ ಸಿಕ್ಕಿದ ಇಂಗ್ಲಿಷ್ ಪೇಪರ್‌ಬ್ಯಾಕಿನವರೆಗೆ ಏನಾದರೂ ಸರಿ. ನನಗೆ ಪುಸ್ತಕದ ರುಚಿ ಹತ್ತಿಸಿದವರು ಅವರೇ. ಪ್ರತಿ ಶನಿವಾರ ಮಧ್ಯಾಹ್ನ ರೈಲು ಹತ್ತಿ ತಿಪಟೂರಿಗೆ ಹೋಗುತ್ತಿದ್ದರು. ಅಲ್ಲಿ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಟೀಚರೊಬ್ಬರಿದ್ದರು. ಮದುವೆಯಾಗಿರಲಿಲ್ಲ. ಅವರ ಮನೆಯಲ್ಲಿ ಗೋಡೆಯುದ್ದಕ್ಕೂ ಪುಸ್ತಕ. ನನ್ನನ್ನು ದೊಡ್ಡಪ್ಪ ಎರಡು ಸಲ ಕರೆದುಕೊಂಡು ಹೋಗಿದ್ದರು. ಎರಡು ಸಲವೂ ಆ ಟೀಚರು ನನ್ನನ್ನು ದೊಡ್ಡವಳಂತೆ ಮಾತಾಡಿಸಿದರು, ಯಾವ ಪುಸ್ತಕ ಓದುತ್ತಿದ್ದೀಯ ಎಂದು ಕೇಳಿದರು, ನನ್ನ ಉತ್ತರವನ್ನು ಕೊನೆಯವರೆಗೂ ಕೇಳಿಸಿಕೊಂಡರು. ಹದಿಮೂರು ವರ್ಷದ ಹುಡುಗಿಗೆ ಇದಕ್ಕಿಂತ ಹೆಚ್ಚಿನ ಮರ್ಯಾದೆ ಇನ್ನೇನು ಬೇಕು? ಎರಡನೆಯ ಸಲ ಒಂದು ಹೀರೋ ಪೆನ್ನು ಕೊಟ್ಟಿದ್ದರು.

ಮನೆಯಲ್ಲಿ ದೊಡ್ಡಮ್ಮ. ಶನಿವಾರ ಸಂಜೆಯಾದರೆ ಹಣೆಗೆ ಬಟ್ಟೆ ಬಿಗಿದುಕೊಂಡು ಮಲಗಿರುತ್ತಿದ್ದಳು. ಮನೆಯೆಲ್ಲ ಅಮೃತಾಂಜನದ ವಾಸನೆ. ಮಾತು ಒರಟು, ಮುಖ ಸಿಂಡು. ಪುಸ್ತಕ ಹಿಡಿದು ಕೂತವರನ್ನು ಕಂಡರೆ ಆಗುತ್ತಿರಲಿಲ್ಲ. ಬಂಧುಗಳಲ್ಲಿ ಎಲ್ಲರಿಗೂ ತಿಪಟೂರಿನ ವಿಷಯ ಗೊತ್ತಿತ್ತು, ಎಲ್ಲರೂ ಒಂದೇ ತೀರ್ಪು ಕೊಟ್ಟಿದ್ದರು: ‘ಅವರಿಗಾದ್ರೂ ಇನ್ನೇನು ಸುಖ ಇತ್ತು, ಇಂಥೋಳನ್ನ ಕಟ್ಕೊಂಡು.’ ನನ್ನ ತಾಯಿಯೂ ಹೀಗೇ ಹೇಳಿದ್ದನ್ನು ನಾನೇ ಕೇಳಿಸಿಕೊಂಡಿದ್ದೇನೆ. ದೊಡ್ಡಪ್ಪ ಮಾತ್ರ ಹೆಂಡತಿಯ ಬಗ್ಗೆ ಎಂದೂ ಒಂದು ಕೆಟ್ಟ ಮಾತು ಆಡಲಿಲ್ಲ. ಅದು ಅವರ ದೊಡ್ಡತನ ಎಂದುಕೊಂಡಿದ್ದೆ.

ಇಷ್ಟು ಬರೆಯುವಾಗ ಒಂದು ವಿಷಯ ಗಮನಕ್ಕೆ ಬಂತು. ದೊಡ್ಡಪ್ಪ ‘ಅವರು’, ಟೀಚರು ‘ಅವರು’, ದೊಡ್ಡಮ್ಮ ಮಾತ್ರ ‘ಅವಳು’. ಸಲಿಗೆ ಅನ್ನಬಹುದು. ನಮ್ಮಲ್ಲಿ ತಾಯಿಗೂ ಏಕವಚನವೇ ತಾನೆ. ತಿದ್ದಲು ಹೋದೆ, ಬಹುವಚನದಲ್ಲಿ ಅವಳು ಅವಳಾಗಿ ಕಾಣಲಿಲ್ಲ. ಹಾಗೇ ಬಿಟ್ಟಿದ್ದೇನೆ.

ಹಾಸ್ಟೆಲ್ಲಿನ ಆ ರಾತ್ರಿ ಜೆರ್ರಿ ನನಗೆ ದೊಡ್ಡಪ್ಪನಾಗಿ ಕಂಡದ್ದು ಈ ಕಾರಣಕ್ಕೆ. ಬೋಸ್ಟನ್ನಿನ ಬ್ಯಾಕ್ ಬೇ ಸ್ಟೇಷನ್ನಿನಲ್ಲಿ ಜೆರ್ರಿಯನ್ನು ಕಾಣಲು ಶಾರ್ಲೆಟ್ ಬರುವ ದೃಶ್ಯವೊಂದಿದೆ. ರೈಲು ಹೊರಡಲಿದೆ, ಹೇಳಬೇಕಾದ್ದು ಬಹಳ ಇದೆ, ಹೇಳುವ ಹಾಗಿಲ್ಲ. ನನ್ನ ಕಣ್ಣ ಮುಂದೆ ಬಂದದ್ದು ತಿಪಟೂರಿನ ಪ್ಲಾಟ್‌ಫಾರಮ್ಮು. ಭಾನುವಾರ ಸಂಜೆಯ ಗಾಡಿಗೆ ಕಾಯುತ್ತಾ ದೊಡ್ಡಪ್ಪ ಮತ್ತು ಟೀಚರು ಒಂದು ಕಲ್ಲುಬೆಂಚಿನ ಎರಡು ತುದಿಗಳಲ್ಲಿ ಕೂತಿದ್ದರು. ನಡುವೆ ನಾನು, ನನ್ನ ಪುಸ್ತಕದ ಚೀಲ.

ಎರಡನೆಯ ಸಲ ಈ ಸಿನಿಮಾ ನೋಡಿದ್ದು ದೊಡ್ಡಪ್ಪ ತೀರಿಕೊಂಡ ವರ್ಷ, ಒಬ್ಬಳೇ. ಆಗ ನಾನೂ ಇಂಗ್ಲಿಷ್ ಮೇಡಂ ಆಗಿದ್ದೆ. ಅಷ್ಟರಲ್ಲಿ ಒಂದಷ್ಟು ಓದಿಯೂ ಇದ್ದೆ. ಮೂಲ ಕಾದಂಬರಿಯಲ್ಲಿ ಹಡಗು ಹೋಗುವುದು ಮೆಡಿಟರೇನಿಯನ್ ಕಡೆಗೆ. 1942ರಲ್ಲಿ ಯೂರೋಪು ಯುದ್ಧದಲ್ಲಿ ಉರಿಯುತ್ತಿದ್ದುದರಿಂದ ಸಿನಿಮಾದವರು ಪ್ರೇಮಿಗಳನ್ನು ದಕ್ಷಿಣ ಅಮೆರಿಕಕ್ಕೆ ತಿರುಗಿಸಿದರು. ಸ್ಟ್ಯಾನ್ಲಿ ಕವೆಲ್ ಎಂಬ ತತ್ತ್ವಶಾಸ್ತ್ರಜ್ಞ ಈ ಬಗೆಯ ಕಣ್ಣೀರಿನ ಸಿನಿಮಾಗಳ ಬಗ್ಗೆಯೇ ಪುಸ್ತಕ ಬರೆದು, ಕಣ್ಣೀರು ಸುರಿಸುವುದು ಯೋಚಿಸುವುದಕ್ಕೆ ವಿರುದ್ಧವಲ್ಲ ಎಂಬ ಧೈರ್ಯ ಕೊಟ್ಟಿದ್ದ. ನಾನು ಧೈರ್ಯವಾಗಿ ಅತ್ತೆ. ಇಸಬೆಲ್ ಬಗ್ಗೆ ಒಂದು ಗಳಿಗೆಯೂ ಯೋಚಿಸಲಿಲ್ಲ. ಸಿನಿಮಾ ಹಾಗೆ ಯೋಚಿಸಲು ಬಿಡುವುದೂ ಇಲ್ಲ.

ಅದನ್ನು ಯೋಚಿಸುವ ಹಾಗೆ ಮಾಡಿದವಳು ದೊಡ್ಡಮ್ಮ.

ಒಂದು ಕಾರ್ತೀಕದಲ್ಲಿ ಅರಸೀಕೆರೆಗೆ ಹೋಗಿದ್ದೆ. ಲಕ್ಷಬತ್ತಿಯ ಹರಕೆ ಹೊತ್ತಿದ್ದಳು. ನಡುಮನೆಯಲ್ಲಿ ಹತ್ತಿಯ ಗುಡ್ಡೆ ಹಾಕಿಕೊಂಡು, ಬೆರಳಿಗೆ ವಿಭೂತಿ ಮುಟ್ಟಿಸಿಕೊಳ್ಳುತ್ತಾ ಹೂಬತ್ತಿ ಹೊಸೆಯುತ್ತಿದ್ದಳು. ನನ್ನನ್ನೂ ಕೂರಿಸಿಕೊಂಡಳು. ಸುಮ್ಮನೆ ಕೂತರೆ ಬೇಸರವಲ್ಲವೆ, ಏನಾದರೂ ಹೇಳು, ನಿಮ್ಮ ಕಾಲೇಜಿನ ಕತೆಯಾದರೂ ಸರಿ ಎಂದಳು. ಮುಂದಿನ ವಾರ ವಿದ್ಯಾರ್ಥಿಗಳಿಗೆ ಈ ಸಿನಿಮಾ ತೋರಿಸುವವಳಿದ್ದೆ, ಅದೇ ತಲೆಯಲ್ಲಿತ್ತು. ಹೇಳಿದೆ. ಚೆನ್ನಾಗಿಯೇ ಹೇಳಿದೆ ಅನ್ನಿಸುತ್ತದೆ. ತಾಯಿಯ ಕಾಟ ಬಂದಾಗ ಬಾಯಲ್ಲಿ ಲೊಚಗುಟ್ಟಿದಳು. ಚೀಟಿ ಸಿಕ್ಕಿಸಿದ ಬಟ್ಟೆಗೆ ನಕ್ಕಳು. ಸಿಗರೇಟಿಗೆ ‘ಥೂ, ಎಂಜಲು’ ಎಂದಳು. ಹಡಗು ತಪ್ಪಿದ್ದಕ್ಕೆ ಏನೂ ಅನ್ನಲಿಲ್ಲ. ನಾನು ಜೆರ್ರಿಯ ಮನೆಯ ಸಂಕಟ ಹೇಳಿ ಮುಂದೆ ಹೋಗಿದ್ದೆ. ಅವಳು ಅಲ್ಲೇ ನಿಂತಿದ್ದಳು.

‘ಅವ್ನ ಹೆಂಡ್ತಿ ಏನಂದ್ಲು?’

‘ಯಾರ ಹೆಂಡ್ತಿ?’

‘ಅವ್ನದೇ. ಆ ಸಿಗರೇಟಿನೋನ್ದು.’

‘ಅವಳು ಸಿನಿಮಾದಲ್ಲಿ ಬರೋದೇ ಇಲ್ಲ ದೊಡ್ಡಮ್ಮ.’

‘ಬರೋದೇ ಇಲ್ಲ ಅಂದ್ರೆ? ಸತ್ತೋಗಿದ್ಲಾ?’

‘ಇಲ್ಲ, ಇದಾಳೆ. ತೋರ್ಸಲ್ಲ ಅಷ್ಟೆ.’

‘ಮತ್ತೆ ಅವಳು ಸರಿ ಇಲ್ಲ ಅಂತ ನಿಂಗೆ ಹೆಂಗ್ ಗೊತ್ತಾಯ್ತು?’

‘ಅವನ ಸ್ನೇಹಿತನ ಹೆಂಡ್ತಿ ಹೇಳ್ತಾಳೆ.’

ದೊಡ್ಡಮ್ಮ ನಕ್ಕಳು. ಗೇಲಿಯ ನಗುವಲ್ಲ, ಕಹಿಯೂ ಅಲ್ಲ. ಗೊತ್ತಿರುವ ಊರಿನ ಹೆಸರು ಕೇಳಿದರೆ ನಗುತ್ತೇವಲ್ಲ, ಹಾಗೆ. ನಾನು ಅವಸರವಾಗಿ ಟೀನಾಳ ಕತೆಗೆ ಬಂದೆ. ಮಗುವಿನ ಕತೆಗೆ ಕರಗಿಯಾಳು ಎಂದುಕೊಂಡಿದ್ದೆ. ಎಲ್ಲ ಕೇಳಿಸಿಕೊಂಡು, ಹೊಸೆದ ಬತ್ತಿಗಳನ್ನು ಕಟ್ಟು ಮಾಡುತ್ತಾ ಕೇಳಿದಳು: ‘ಮಗೂನೂ ಇವಳೇ ಇಟ್ಕೊಂಡ್ಲಾ? ಹೆತ್ತೋಳ್ನ ಒಂದ್ ಮಾತು ಕೇಳ್ಲಿಲ್ವಾ?’

ಆ ವಾರ ವಿದ್ಯಾರ್ಥಿಗಳ ಜೊತೆ ಕೂತು ನೋಡಿದ್ದೇ ಮೂರನೆಯ ಸಲ. ಇಸಬೆಲ್‌ಳನ್ನು ಹುಡುಕುತ್ತಾ ನೋಡಿದೆ. ಹೀಗೆ ನೋಡಿದರೆ ಸಿನಿಮಾ ಬೇರೆಯೇ ಆಗುತ್ತದೆ. ಜೆರ್ರಿ ತನ್ನ ಕುಟುಂಬದ ಫೋಟೋ ತೋರಿಸುತ್ತಾನೆ, ಹೆಣ್ಣುಮಕ್ಕಳಿಗೆ ಏನು ಕೊಳ್ಳಲಿ ಎಂದು ಶಾರ್ಲೆಟ್‌ಳನ್ನು ಕೇಳುತ್ತಾನೆ, ಹೆಂಡತಿಯನ್ನು ಬಾಯ್ತುಂಬ ದೂರುವುದಿಲ್ಲ. ಹೆಚ್ಚಿನದನ್ನು ಹೇಳುವವಳು ಹಡಗಿನಲ್ಲಿ ಸಿಗುವ ಅವನ ಗೆಳೆಯನ ಹೆಂಡತಿ ಡೆಬ್. ಇಸಬೆಲ್ ಗಂಡನ ಕರ್ತವ್ಯಪ್ರಜ್ಞೆಯನ್ನೇ ಹಗ್ಗ ಮಾಡಿಕೊಂಡು ಅವನನ್ನು ಕಟ್ಟಿಹಾಕಿದ್ದಾಳೆ, ಕಿರಿಮಗಳು ಅವಳಿಗೆ ಬೇಡವಾಗಿತ್ತು, ಇತ್ಯಾದಿ. ಜೆರ್ರಿ ಒಳ್ಳೆಯವನಾಗಿ ಉಳಿಯುವುದೇ ಹೀಗೆ. ದೂರುವ ಕೆಲಸವನ್ನು ಬೇರೆಯವರು ಮಾಡಿಕೊಡುತ್ತಾರೆ. ಇದನ್ನು ನೋಡುವಾಗ ನನಗೆ ನಮ್ಮ ಬಂಧುಗಳ ಇಡೀ ಗುಂಪು, ಮದುವೆಮನೆಯ ಪಂಕ್ತಿ, ನನ್ನ ತಾಯಿಯ ಧ್ವನಿ ಎಲ್ಲ ಕೇಳಿಸಿತು.

ಸಿನಿಮಾಕ್ಕೆ ಅನ್ಯಾಯ ಮಾಡಬಾರದು. ತಾಯಿ ಮಗುವಿಗೆ ಏನು ಮಾಡಬಲ್ಲಳು ಎಂಬುದು ಅದಕ್ಕೆ ಚೆನ್ನಾಗಿ ಗೊತ್ತಿದೆ. ಶಾರ್ಲೆಟ್‌ಳ ತಾಯಿಯಾಗಿ ಗ್ಲ್ಯಾಡಿಸ್ ಕೂಪರ್ ಬೆರಳು ಬಡಿಯುತ್ತಾ ಕೂತರೆ ನಮಗೇ ಉಸಿರು ಕಟ್ಟುತ್ತದೆ. ಆದರೆ ಆ ತಾಯಿಗೆ ಮುಖವಿದೆ, ಕುರ್ಚಿಯಿದೆ, ಮಾತಿದೆ, ಸಾಯುವ ಗಳಿಗೆಯೂ ಇದೆ. ಕೆಟ್ಟವಳಾಗುವುದಕ್ಕೆ ಬೇಕಾದಷ್ಟು ಜಾಗ ಕೊಟ್ಟಿದ್ದಾರೆ. ಅದರಿಂದಲೇ ಒಮ್ಮೊಮ್ಮೆ ಅವಳ ಭಯವೂ ನಮಗೆ ಕಾಣುತ್ತದೆ. ಇಸಬೆಲ್‌ಗೆ ಅದ್ಯಾವುದೂ ಇಲ್ಲ. ಅವಳು ಒಂದೇ ಒಂದು ಸಲ ಬಾಗಿಲು ತೆರೆದು ಒಳಬಂದು, ‘ಟೀನಾ ಎಲ್ಲಿ?’ ಎಂದು ಕೇಳಿದ್ದರೆ ಕೊನೆಯ ದೃಶ್ಯ ನಿಲ್ಲುತ್ತಿರಲಿಲ್ಲ. ಕೋಡ್‌ನ ಹೆದರಿಕೆಯಿಂದ ಸಿಗರೇಟು ಬಂತು ಎನ್ನುತ್ತಾರೆ, ಒಪ್ಪೋಣ. ಹೆಂಡತಿಯನ್ನು ಮರೆಗೆ ಸರಿಸಿದ್ದು ಯಾರ ಹೆದರಿಕೆಯಿಂದ? ನನಗನ್ನಿಸುವುದು, ನಮ್ಮ ಹೆದರಿಕೆಯಿಂದ. ನಿಶ್ಚಿಂತೆಯಾಗಿ ಅಳುವುದಕ್ಕೆ ಬಂದ ಪ್ರೇಕ್ಷಕರಿಗೆ ಎದುರಿಗೆ ಹೆಂಡತಿ ಕೂತಿದ್ದರೆ ಅಳು ಬರುವುದಿಲ್ಲ.

ಹಾಲಿವುಡ್ಡಿಗೆ ಬೇರೆ ಥರ ಮಾಡಲು ಬರುತ್ತಿರಲಿಲ್ಲ ಎಂದೇನಲ್ಲ. 1936ರಲ್ಲೇ ವಿಲಿಯಂ ವೈಲರ್, ಸಿಂಕ್ಲೇರ್ ಲೂಯಿಸ್‌ನ ಕಾದಂಬರಿಯಿಂದ ‘ಡಾಡ್ಸ್‌ವರ್ತ್’ ಮಾಡಿದ್ದ. ಅಲ್ಲೂ ಹಳಸಿದ ಮದುವೆ, ಅಲ್ಲೂ ಗಂಡನಿಗೆ ಮದುವೆಯಾಚೆ ಸಿಗುವ ತಂಪು. ಹೆಂಡತಿ ಫ್ರಾನ್ ಜಂಬದವಳು, ವಯಸ್ಸನ್ನು ಮುಚ್ಚಿಡುವವಳು, ಬೇರೆ ಗಂಡಸರ ಹಿಂದೆ ಹೋದವಳೂ ಹೌದು. ಆದರೆ ಅವಳು ತೆರೆಯ ಮೇಲಿದ್ದಾಳೆ. ಅವಳು ಮದುವೆಯಾಗಬೇಕೆಂದಿರುವ ತರುಣನ ತಾಯಿ ಬಂದು, ನನ್ನ ಮಗನಿಗೆ ಮಕ್ಕಳನ್ನು ಹೆತ್ತುಕೊಡುವ ವಯಸ್ಸು ನಿನಗೆ ದಾಟಿದೆ ಎಂಬರ್ಥದಲ್ಲಿ ತಣ್ಣಗೆ ಹೇಳುವ ದೃಶ್ಯದಲ್ಲಿ ಫ್ರಾನ್‌ಳ ಮುಖ ನೋಡಬೇಕು. ಪಾತ್ರ ಮಾಡಿದವಳು ರೂತ್ ಚಾಟರ್ಟನ್, ಮೇಲೆ ಹೇಳಿದ ಮೊದಲ ಎರಡು ಸಿಗರೇಟಿನ ಪಾಲುದಾರಳು. ಕೊನೆಗೆ ಗಂಡ ಅವಳನ್ನು ಹಡಗಿನಲ್ಲೇ ಬಿಟ್ಟು ಇಳಿದು ಹೋಗುವಾಗ ನಮಗೆ ಸಂತೋಷವೂ ಆಗುತ್ತದೆ, ಹೊಟ್ಟೆಯಲ್ಲಿ ಏನೋ ಕಲಸಿದಂತೆಯೂ ಆಗುತ್ತದೆ. ನನಗೆ ಈಗ ಆ ಕಲಸಿದ ಹೊಟ್ಟೆಯ ಮೇಲೆಯೇ ಹೆಚ್ಚು ನಂಬಿಕೆ.

ಕನ್ನಡದವರಿಗೆ ಇದರ ಇನ್ನೊಂದು ಮಗ್ಗುಲು ಗೊತ್ತಿದೆ. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿಯವರು ಬರೆದ ‘ಶರಪಂಜರ’, 1971ರಲ್ಲಿ ಪುಟ್ಟಣ್ಣ ಕಣಗಾಲ್ ಮಾಡಿದ ಸಿನಿಮಾ. ಶಾರ್ಲೆಟ್‌ಳ ಹಾಗೆ ಕಾವೇರಿಯೂ ಚಿಕಿತ್ಸೆ ಪಡೆದು ಗುಣವಾಗಿ ಮನೆಗೆ ಬರುತ್ತಾಳೆ. ಅವಳಿಗೆ ಹ್ಯಾಟೂ ಇಲ್ಲ, ಹಡಗೂ ಇಲ್ಲ. ಮನೆಯವರ ಅನುಮಾನದ ಕಣ್ಣು, ಅಡುಗೆಯವಳ ಪಿಸುಮಾತು, ಬೇರೆಡೆ ಮನಸ್ಸಿಟ್ಟ ಗಂಡ. ಅದೇ ಕತೆಯನ್ನು ಗಂಡನ ಆಫೀಸಿನ ಆ ಇನ್ನೊಬ್ಬ ಹೆಂಗಸಿನ ಕಡೆಯಿಂದ ಹೇಳಿದ್ದರೆ? ಹುಚ್ಚು ಹಿಡಿದ ಹೆಂಡತಿ, ಪಾಪದ ಗಂಡ, ಅವನ ಒಂಟಿತನ. ಕಾವೇರಿ ತೆರೆಗೆ ಬರಬೇಕಾಗಿಯೇ ಇರಲಿಲ್ಲ. ಕಲ್ಪನಾ ಮನೆಯಲ್ಲೇ ಇರಬಹುದಿತ್ತು. ತರಗತಿಯಲ್ಲಿ ಇದನ್ನು ಹೇಳಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ‘ಹಾಗಾದ್ರೆ ಟೀನಾ ಗತಿ ಏನು ಮೇಡಂ? ಅವಳಿಗೆ ತಾಯಿಯಿಂದ ನೋವಾಗಿದ್ದು ಸುಳ್ಳಾ?’ ಎಂದು ಕೇಳಿದಳು. ಸುಳ್ಳಲ್ಲ. ಆ ಹುಡುಗಿಯ ಮುಖ ನೋಡಿದರೆ ಅವಳಿಗೆ ಈ ಪ್ರಶ್ನೆ ಸಿನಿಮಾದಿಂದ ಮಾತ್ರ ಬಂದದ್ದಲ್ಲ ಎನ್ನಿಸಿತು. ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಇಸಬೆಲ್ ಕೆಟ್ಟ ತಾಯಿಯೇ ಇದ್ದಿರಬಹುದು. ಅದನ್ನು ಅವಳ ಬಾಯಿಂದಲೇ, ಅವಳ ನಡವಳಿಕೆಯಿಂದಲೇ ತಿಳಿಯುವ ಹಕ್ಕು ನಮಗಿತ್ತು, ಅಷ್ಟೆ.

ಕಾದಂಬರಿ ಬರೆದ ಪ್ರೌಟಿಯದೂ ಒಂದು ಕತೆಯಿದೆ. ಆಕೆ ಸ್ವತಃ ಮಾನಸಿಕವಾಗಿ ಕುಸಿದು ಚಿಕಿತ್ಸೆ ಪಡೆದಿದ್ದವರು, ಡಾಕ್ಟರ್ ಜಾಕ್ವಿತ್ ಅಷ್ಟು ನಿಜವಾಗಿ ಮೂಡಿಬಂದದ್ದಕ್ಕೆ ಅದೂ ಕಾರಣವಿರಬೇಕು. ಮುಂದೆ ಸ್ಮಿತ್ ಕಾಲೇಜಿನಲ್ಲಿ ಆಕೆ ಇಟ್ಟ ವಿದ್ಯಾರ್ಥಿವೇತನ ಸಿಕ್ಕಿದ ಹುಡುಗಿ ಸಿಲ್ವಿಯಾ ಪ್ಲಾತ್. 1953ರಲ್ಲಿ ಪ್ಲಾತ್ ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದಾಗ ಮೆಕ್ಲೀನ್ ಆಸ್ಪತ್ರೆಯ ಖರ್ಚು ವಹಿಸಿಕೊಂಡವರೂ ಪ್ರೌಟಿಯೇ. ‘ದಿ ಬೆಲ್ ಜಾರ್’ ಕಾದಂಬರಿಯಲ್ಲಿ ಪ್ಲಾತ್ ಈ ಉಪಕಾರಿಯನ್ನು ಫಿಲೊಮಿನಾ ಗಿನಿ ಎಂಬ ಹೆಸರಿನಲ್ಲಿ ಸ್ವಲ್ಪ ಅಣಕವಾಗಿಯೇ ಚಿತ್ರಿಸಿದಳು. ಓದಿದವರು ಪ್ರೌಟಿಯನ್ನು ಇವತ್ತು ನೆನೆಸಿಕೊಳ್ಳುವುದು ಹೆಚ್ಚಾಗಿ ಆ ಅಣಕದ ಮೂಲಕ. ಇಸಬೆಲ್‌ಗೆ ಮಾತು ಕೊಡದ ಲೇಖಕಿಗೂ ಕಡೆಗೆ ಬೇರೆಯವರ ಮಾತಿನಲ್ಲೇ ಬದುಕಬೇಕಾಯಿತು. ಇದಕ್ಕೆ ಸಂತೋಷಪಡುವ ಮನಸ್ಸು ನನಗಿಲ್ಲ. ಶಾರ್ಲೆಟ್‌ಳನ್ನು ನಮಗೆ ಕೊಟ್ಟವರು ಅವರು.

ತಿಪಟೂರಿನ ಟೀಚರ ಮೇಲೂ ನನಗೆ ಸಿಟ್ಟಿಲ್ಲ. ನಿವೃತ್ತಿಯಾದ ಮೇಲೆ ತಮ್ಮನ ಮನೆಗೆ ಹೋದರೆಂದು ಕೇಳಿದೆ. ಇಂಗ್ಲಿಷ್ ಓದಬೇಕು ಎಂದು ನನಗೆ ಅನ್ನಿಸಿದ್ದು ಅವರ ಮನೆಯ ಗೋಡೆ ನೋಡಿ. ಅವರಿಗೂ ಶನಿವಾರಗಳಷ್ಟೇ ಸಿಕ್ಕಿದ್ದವು, ವಾರದ ಉಳಿದ ದಿನಗಳಲ್ಲಿ ಊರಿನ ಬಾಯಿಗೆ ಅವರೂ ಸಿಕ್ಕಿದ್ದರು. ನಾನು ಕೊರಗುತ್ತಿರುವುದು ನನ್ನ ಪಾತ್ರಕ್ಕೆ. ಎರಡನೆಯ ಸಲ ತಿಪಟೂರಿಗೆ ಹೋಗಿ ಬಂದದ್ದು ಸಂಕ್ರಾಂತಿಯ ಆಸುಪಾಸಿನಲ್ಲಿ. ಮನೆ ಮುಟ್ಟುವ ಮುಂಚೆ ದೊಡ್ಡಪ್ಪ ರಸ್ತೆಯಲ್ಲಿ ನಿಂತು ನನ್ನ ಭುಜ ಹಿಡಿದು, ‘ದೊಡ್ಡಮ್ಮ ಕೇಳಿದ್ರೆ ಏನಾದ್ರೂ ಹೇಳು’ ಎಂದಿದ್ದರು. ಏನು ಹೇಳಬೇಕೆಂದು ಹೇಳಿರಲಿಲ್ಲ. ದೊಡ್ಡಮ್ಮ ಕೇಳಿದಳು. ತಿಪಟೂರಿನಲ್ಲಿ ಗಣಪತಿ ನೋಡಲು ಹೋಗಿದ್ದೆವು ಎಂದೆ. ‘ಹೌದಾ’ ಎಂದಳು. ತಟ್ಟೆ ಹಾಕಿ ಬಿಸಿ ಮುದ್ದೆ ಬಡಿಸಿದಳು. ಹೀರೋ ಪೆನ್ನು ನನ್ನ ಚೀಲದಲ್ಲಿತ್ತು. ಒಳ್ಳೆಯ ಸುಳ್ಳು ಹೇಳಿದೆ ಎಂದು ನನಗೆ ಹೆಮ್ಮೆಯಾಗಿತ್ತು.

ತರಗತಿಯ ವಿಷಯ ಹೇಳೋಣವೆಂದು ಆ ಫೆಬ್ರವರಿಯಲ್ಲಿ ಮತ್ತೆ ಹೋದೆ. ಕಾಯಿ ಕೀಳಿಸಿದ್ದರು, ಹಿತ್ತಿಲಲ್ಲಿ ಲೆಕ್ಕ ಮಾಡಿಸುತ್ತಿದ್ದಳು. ಆಳುಗಳು ಹೋದ ಮೇಲೆ ಜಗಲಿಗೆ ಬಂದು ಕೂತಳು. ನಾನೇ ಮಾತು ತೆಗೆದೆ.

‘ದೊಡ್ಡಮ್ಮ, ಆ ಸಿನಿಮಾ ಮತ್ತೆ ನೋಡ್ದೆ. ನೀನು ಹೇಳಿದ್ದು ಸರಿ. ಹೆಂಡ್ತೀನ ಯಾರೂ ಒಂದ್ ಮಾತೂ ಕೇಳಲ್ಲ.’

‘ಯಾವ ಸಿನಿಮಾ?’ ಎಂದಳು. ಆಮೇಲೆ, ‘ಓ, ಸಿಗರೇಟಿಂದಾ. ಬಿಡು ಅತ್ಲಾಗೆ, ಕೇಳಿದ್ರೆ ತಾನೆ ಏನ್ ಹೇಳ್ತಿದ್ಲು.’

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಗಾಡಿಯೊಂದು ಕೂಗಿಕೊಂಡು ಹೋಯಿತು. ಆ ಮನೆಯಿಂದ ಸ್ಟೇಷನ್ನು ದೂರವಿಲ್ಲ.

‘ನೀನು ಒಂದ್ಸಲ ಗಣಪತಿ ನೋಡೋಕ್ ಹೋಗಿದ್ವಿ ಅಂದಿದ್ದೆ,’ ಎಂದಳು. ‘ತಿಪಟೂರಿಗೆ.’

ನನ್ನ ಬಾಯಿ ಒಣಗಿತು.

‘ಗಣಪತಿ ಬಿಟ್ಟು ಆಗ್ಲೇ ಎಷ್ಟೋ ದಿನ ಆಗಿತ್ತು ಕಣೇ.’

ಅಷ್ಟು ಹೇಳಿ ಎದ್ದಳು. ಒಳಗೆ ಹೋಗಿ ಒಲೆಗೆ ಹಾಲಿಟ್ಟ ಸದ್ದು ಕೇಳಿಸಿತು. ಸಕ್ಕರೆ ಎಷ್ಟು ಹಾಕಲಿ ಎಂದು ಅಲ್ಲಿಂದಲೇ ಕೂಗಿ ಕೇಳಿದಳು. ನಾನು ಹೈಸ್ಕೂಲಿನಲ್ಲಿದ್ದಾಗಿನಿಂದ ಅವಳಿಗೆ ಗೊತ್ತಿರುವುದೇ, ಎರಡು ಚಮಚ. ಆದರೂ ಕೇಳಿದಳು. ಎರಡು ಎಂದೆ.